ಬ್ಯಾಟರಿ ನೀರಿನಲ್ಲಿ ನೆನೆದ ನಾಣ್ಯ

ಕೈಯಲ್ಲೊಂದು ಮೆಟಲ್ ಡಿಟೆಕ್ಟರ್ ಇದ್ದರೆ ಸಾಕು, ಬಹರೈನ್‌ನಲ್ಲಿ ಇಂಥ ಫಜೀತಿಗಳು ಕರೆಯದೆಯೇ ಮನೆಗೆ ಬರುತ್ತವೆ. ನಾನು ಎಸಿ ರಿಪೇರಿಯವನು. ಡಿಟೆಕ್ಟರ್ ನನ್ನ ಶುಕ್ರವಾರದ ರಜೆಯ ಹುಚ್ಚು.

ಉಂಗುರ ಹುಡುಕಲು ಹೋಗಿ

ಸನದ್ ಎಂಬ ಊರಿನ ನಮ್ಮ ಬಾಡಿಗೆ ಮನೆಯ ಮಾಲೀಕರು ವಯಸ್ಸಾದ ಬಹರೈನಿ. ಅಂಗಳದಲ್ಲಿ ಉಂಗುರ ಬಿದ್ದುಹೋಗಿದೆ ಎಂದು ನನ್ನನ್ನು ಕರೆದರು. ಯಂತ್ರ ಮೊದಲು ಕೂಗಿದಲ್ಲಿ ಸೋಡಾ ಮುಚ್ಚಳ, ಆಮೇಲೆ ಒಂದು ಮೊಳೆ. ಮತ್ತೆ ಕೂಗಿದಲ್ಲಿ ಹಸಿರು ಕಿಲುಬು ಹಿಡಿದ ದುಂಡನೆಯ ಬಿಲ್ಲೆ. ಮ್ಯಾಗ್ನೆಟ್‌ಗೆ ಅಂಟಲಿಲ್ಲ. ತಾಮ್ರ! ಎಷ್ಟು ಕಾಲ ಮಣ್ಣಿನಡಿ ಮಲಗಿತ್ತೋ ಎಂದು ಮೈ ಜುಮ್ಮೆಂದಿತು.

ಮಾಲೀಕರಿಗೂ ಅಷ್ಟೇ ಬೆರಗು. "ಹಳೆ ನಾಣ್ಯದ ಹಾಗಿದೆ. ಮೇಲಿನ ಅಚ್ಚು ಕೆಡದ ಹಾಗೆ ತೊಳೆದು ಯಾವ ಕಾಲದ್ದು ನೋಡು. ತುಂಬ ಹಳೆಯದಾದರೆ ಮ್ಯೂಸಿಯಂಗೆ ಕೊಡೋಣ. ನಿನ್ನನ್ನು ನಂಬಿದ್ದೇನೆ" ಎಂದು ಹಿಂದಿಯಲ್ಲಿ ಹೇಳಿ ಅದನ್ನು ನನಗೆ ಕೊಟ್ಟರು. ಆಗ ನೋಡುತ್ತೇನೆ, ಉಂಗುರ ಅವರ ಇನ್ನೊಂದು ಕೈಯ ಬೆರಳಲ್ಲೇ ಇದೆ.

ಹುಣಸೆಹುಳಿ

ನಮ್ಮ ಕಡೆಯವರಿಗೆ ತಾಮ್ರ ಕಂಡರೆ ಹುಣಸೆಹುಳಿಯ ನೆನಪು. ಹೆಂಡತಿ ಆಗಲೇ ಹುಳಿ, ಉಪ್ಪು ಕಲಸಿ ಸಿಂಕಿನ ಹತ್ತಿರ ನಿಂತಿದ್ದಳು.

"ಬೇಡ ಮಾರಾಯ್ತಿ! ಹುಳಿ ತಾಗಿದ್ರೆ ಕಿಲುಬಿನೊಟ್ಟಿಗೆ ಅಕ್ಷರವೂ ಹೋಗ್ತದೆ. ಉಜ್ಜಲಿಕ್ಕೂ ಇಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ ಕಾಯ್ಬೇಕು."

"ಎಷ್ಟು ದಿವಸ?"

"ವಾರಗಟ್ಟಲೆ. ನಡುನಡುವೆ ನೀರು ಬದಲಾಯಿಸ್ಬೇಕು."

"ನನ್ನ ಪಾತ್ರೆ ಸಿಂಕಿನಲ್ಲಿ ಒಂದು ರಾತ್ರಿ ನೆನೆದ್ರೆ ಬೊಬ್ಬೆ ಹೊಡೀತೀರಲ್ಲ!" ಎಂದಳು.

ಸಲ್ಮಾಬಾದ್‌ನಲ್ಲಿ

ಕಾರಿನ ಬ್ಯಾಟರಿಗೆ ಹಾಕುವ ನೀರೂ ಡಿಸ್ಟಿಲ್ಡ್ ವಾಟರೇ. ಸಲ್ಮಾಬಾದ್‌ನ ಗ್ಯಾರೇಜಿನಲ್ಲಿ ನಮ್ಮೂರಿನ ಮೆಕ್ಯಾನಿಕ್ ಒಬ್ಬ ಇದ್ದಾನೆ. ಅವನ ಹತ್ತಿರ ಒಂದು ಕ್ಯಾನ್ ಕೇಳಿದೆ.

"ಯಾವ ಗಾಡಿಗೆ?"

"ಗಾಡಿಗಲ್ಲ, ಹಳೆ ನಾಣ್ಯಕ್ಕೆ."

ಅವನು ನನ್ನನ್ನೇ ನೋಡುತ್ತ ಕ್ಯಾನ್ ಕೊಟ್ಟ. "ಸ್ಟಾರ್ಟ್ ಆದ್ರೆ ಫೋನ್ ಮಾಡು ಮಾರಾಯ."

ತೀರ್ಥ

ಮಕ್ಕಳ ಕೈಗೆ ಸಿಗದ ಜಾಗ ಎಂದು ನಾಣ್ಯದ ಬಟ್ಟಲನ್ನು ದೇವರ ಪಟದ ಪಕ್ಕ ಇಟ್ಟೆ. ದಿನಾ ಬೆಳಿಗ್ಗೆ ಬಗ್ಗಿ ನೋಡುವುದೇ ನೋಡುವುದು. ಒಂದು ಗೆರೆ ಕಂಡರೂ ಸಂಭ್ರಮ.

ಅಷ್ಟರಲ್ಲಿ ಮನೆಯಲ್ಲಿ ಪೂಜೆ ಬಂತು. ನಮ್ಮ ಭಟ್ಟರು ವಾರವಿಡೀ ಆಫೀಸಿಗೆ ಹೋಗಿ ಶುಕ್ರವಾರ ಪೂಜೆ ಮಾಡಿಸುವವರು. ಮಂಗಳಾರತಿ ಮುಗಿಯಿತು. ನಾನು ಪಂಚಕಜ್ಜಾಯ ಹಿಡಿದು ಅಡುಗೆಮನೆಯಿಂದ ಬರುತ್ತೇನೆ, ಎಲ್ಲರೂ ಅಂಗೈ ಚಾಚಿ ನಿಂತಿದ್ದಾರೆ. ಭಟ್ಟರ ಕೈಯಲ್ಲಿ ನನ್ನ ಬಟ್ಟಲು! ನಿಜವಾದ ತೀರ್ಥ ಹೂವಿನ ರಾಶಿಯ ಹಿಂದೆ ಅಡಗಿತ್ತು.

"ನಿಲ್ಲಿ, ಅದು ಬ್ಯಾಟರಿ ನೀರು!"

ಚಾಚಿದ ಕೈಗಳೆಲ್ಲ ಒಟ್ಟಿಗೆ ಹಿಂದೆ ಹೋದವು. ಭಟ್ಟರು ಗಾಬರಿಯಲ್ಲಿ ಉದ್ಧರಣೆಯಿಂದ ನಾಣ್ಯ ಎತ್ತಿ ಶಾಲಿನಿಂದ ಒರೆಸಲು ಹೊರಟರು.

"ಉಜ್ಜಬೇಡಿ! ಮಾಲೀಕರಿಗೆ ಎಂತ ಹೇಳ್ಲಿ ನಾನು?"

ಅವರ ಕೈ ಅಲ್ಲೇ ನಿಂತಿತು. ನೆನೆದು ಸಡಿಲವಾಗಿದ್ದ ಮಣ್ಣು ತಾನಾಗಿ ಕಳಚಿ ಬಟ್ಟಲಿಗೆ ಬಿತ್ತು. ಭಟ್ಟರು ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಕಾಲಾಣೆ. ಇಂಡಿಯಾ.

ಒಂದು ಕಾಲದಲ್ಲಿ ಇಲ್ಲಿ ನಮ್ಮ ದುಡ್ಡೇ ನಡೆಯುತ್ತಿತ್ತು ಎಂದು ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದೇ. ನಾವು ವೀಸಾ ಹಿಡಿದು ಬರುವುದಕ್ಕೆ ಎಷ್ಟೋ ಮೊದಲು ಇದು ಕಡಲು ದಾಟಿ ಬಂದು ಕೂತಿದೆ! ನನ್ನ ಕಣ್ಣು ತುಂಬಿತು.

ಭಟ್ಟರು ನಾಣ್ಯವನ್ನು ಮೆಲ್ಲನೆ ಬಟ್ಟಲಿಗೆ ಇಳಿಸಿದರು. ಹಿಂದೆ ಸರಿದವರನ್ನೆಲ್ಲ ಒಮ್ಮೆ ನೋಡಿ, ಮತ್ತೆ ಉದ್ಧರಣೆ ಎತ್ತಿದರು.

"ನಮ್ಮ ಊರಿನದ್ದೇ ಅಲ್ವಾ? ಹಾಗಾದ್ರೆ ಒಂದೊಂದು ಉದ್ಧರಣೆ ಕುಡಿದ್ರೆ ಏನೂ ಆಗುದಿಲ್ಲ, ಬನ್ನಿ!"