ಚಿಕ್ಕಪ್ಪನ ಗದ್ದೆಗೆ ಬಂದ ಹಂದಿ

ನಮ್ಮ ಕಡೆ ಹಂದಿ ಬಾರದ ವರ್ಷ ಇಲ್ಲ, ಹಂದಿಯಿಂದ ಒಂದಲ್ಲ ಒಂದು ನಗೆಪಾಟಲು ಆಗದ ಮನೆಯೂ ಇಲ್ಲ. ಕೊಪ್ಪದ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಒಂದು ಹಂದಿ ಕಥೆ, ಇಳಿಯುವಾಗ ಮುಂದಿನ ಸೀಟಿನಲ್ಲಿ ಇನ್ನೊಂದು. ನನ್ನದು ಮಾತು ಕಡಿಮೆ. ಹಾಗಾಗಿ ಎಲ್ಲರೂ ನನ್ನೆದುರು ಧಾರಾಳವಾಗಿ ಮಾತಾಡುತ್ತಾರೆ. ಇಲ್ಲಿರುವುದು ಚಿಕ್ಕಪ್ಪನ ಗದ್ದೆಯ ಕಥೆ, ಅದೂ ಒಂದೇ ವರ್ಷದ್ದು.

ನಮ್ಮ ಬಯಲಿನಲ್ಲಿ ಎಲ್ಲರೂ ಗದ್ದೆಗೆ ಅಡಿಕೆ ಇಟ್ಟಾಗಿದೆ. ಭತ್ತ ಉಳಿದಿದ್ದು ಚಿಕ್ಕಪ್ಪನದೊಂದೇ. ಸುತ್ತಿನ ಹಂದಿಗೆಲ್ಲ ಅದೊಂದೇ ಹೋಟೆಲು. ಹಿಂದಿನೆರಡು ವರ್ಷ ಕೊಯ್ಲಿಗೆ ಏನೂ ಉಳಿದಿರಲಿಲ್ಲ. ಈ ಸಲ ನಾಟಿಯ ದಿನವೇ ಚಿಕ್ಕಮ್ಮ ಹೇಳಿಬಿಟ್ಟರು: “ಈ ವರ್ಷವೂ ಹಂದಿಗೇ ಆದ್ರೆ ಬರೋ ವರ್ಷ ಇಲ್ಲಿ ಅಡಿಕೆ ಸಸಿ. ಆಮೇಲೆ ನನ್ನ ಹತ್ರ ಎಂತದೂ ಹೇಳ್ಬೇಡಿ.”

ಚಿಕ್ಕಪ್ಪ ಭತ್ತದ ಸಸಿಯ ಕಟ್ಟು ಬಿಚ್ಚಿ ನೆಡುತ್ತಾ ಹೋದರು. ಅವರು ಮಗುವಾಗಿದ್ದಾಗ, ಇನ್ನೂ ನಡೆಯಲು ಬರುವ ಮುಂಚೆಯೇ, ಅಜ್ಜಿ ಅವರನ್ನು ಆ ಗದ್ದೆಯ ಬದುವಿನ ಮೇಲೆ ಕೂರಿಸಿ ಕಳೆ ಕೀಳುತ್ತಿದ್ದರಂತೆ.

ಸೀರೆ ಬೇಲಿ

ಗದ್ದೆ ಸುತ್ತ ಹಳೆ ಸೀರೆ ಕಟ್ಟಿದರೆ ಮನುಷ್ಯರಿದ್ದಾರೆ ಎಂದು ಹಂದಿ ಹೆದರುತ್ತದಂತೆ. ಚಿಕ್ಕಮ್ಮ ಪೆಟ್ಟಿಗೆ ಖಾಲಿ ಮಾಡಿದರು. ಗದ್ದೆ ಜವಳಿ ಅಂಗಡಿಯ ಹಾಗೆ ಕಾಣತೊಡಗಿತು. ದಾರಿಯಲ್ಲಿ ಹೋಗುವ ಹೆಂಗಸರೆಲ್ಲ ನಿಂತು ನೋಡುವರು, ಪೈರನ್ನಲ್ಲ. ಮೇಲಿನ ಮನೆ ಅತ್ತೆಯಂತೂ ಒಂದು ಮೂಲೆಗೆ ಬಂದವರು ಅಲ್ಲಿಂದ ಕದಲಲಿಲ್ಲ. ಚಿಕ್ಕಮ್ಮನ ಗೃಹಪ್ರವೇಶಕ್ಕೆ ಅವರೇ ಉಡುಗೊರೆ ಕೊಟ್ಟ ಸೀರೆ ಅಲ್ಲಿ ಗಾಳಿಗೆ ಹಾರುತ್ತಿತ್ತು. ಮಡಿಕೆಯ ಗೆರೆ ಕೂಡ ಹೋಗಿರಲಿಲ್ಲ. ಅತ್ತೆ ಅದರ ಸೆರಗು ಮುಟ್ಟಿ ನೋಡಿ ಮನೆಗೆ ಹೋದರು.

ವಾರ ಕಳೆಯುವುದರೊಳಗೆ ಹಂದಿ ನುಗ್ಗಿತು, ಸರಿಯಾಗಿ ಆ ಮೂಲೆಯಲ್ಲೇ. ಬೆಳಿಗ್ಗೆ ಹೋಗಿ ನೋಡಿದರೆ ಸೀರೆ ಇಲ್ಲ. ಅದರ ಒಂದು ತುಂಡು ಮಾತ್ರ ಕಾಡಂಚಿನ ಪೊದೆಗೆ ಸಿಕ್ಕಿಕೊಂಡಿತ್ತು. ಚಿಕ್ಕಪ್ಪ ಕೆಸರಿನಲ್ಲಿ ಬಗ್ಗಿ ಮಲಗಿದ ಪೈರನ್ನು ಒಂದೊಂದು ಬುಡವಾಗಿ ಎತ್ತಿ ನಿಲ್ಲಿಸುತ್ತಿದ್ದರು. ಅವರು ಕೈ ಬಿಟ್ಟ ಕೂಡಲೇ ಅದು ಮತ್ತೆ ಮಲಗುತ್ತಿತ್ತು. ಸುದ್ದಿ ಕೇಳಿ ಅತ್ತೆಯೂ ಬಂದರು. ಚಿಕ್ಕಮ್ಮನ ಕೈ ಹಿಡಿದು ನಿಜವಾದ ಕನಿಕರದಿಂದಲೇ ಹೇಳಿದರು:

“ನಾನು ಕೊಟ್ಟಿದ್ದು ನಿಂಗಂತೂ ಹಿಡಿಸ್ಲಿಲ್ಲ ಮಾರಾಯ್ತಿ. ಹಂದಿಗಾದ್ರೂ ಹಿಡಿಸ್ತಲ್ಲ, ಉಟ್ಕೊಂಡೇ ಹೋಗಿದೆ.”

ಅರ್ಧ ಚೀಲ ಕೂದಲು

ಬದುವಿನ ಮೇಲೆ ಮನುಷ್ಯರ ಕೂದಲು ಉದುರಿಸಿದರೆ ಹಂದಿ ಬರುವುದಿಲ್ಲವಂತೆ. ಚಿಕ್ಕಪ್ಪನ ಜೊತೆ ನಾನೂ ಜಯಪುರಕ್ಕೆ ಹೋದೆ. ಕೊನೆಗೆ ಸಿಕ್ಕಿದ್ದು ಅರ್ಧ ಚೀಲ, ಅದೂ ಆ ಸಂಜೆಯ ಮಳೆಗೇ ಹಳ್ಳ ಸೇರಿತು. ಆದರೆ ಅದನ್ನು ಸಂಪಾದಿಸಿದ್ದು ಸುಲಭವಾಗಿರಲಿಲ್ಲ.

ಕಟಿಂಗ್ ಅಂಗಡಿಯವನು ಕತ್ತರಿ ನಿಲ್ಲಿಸದೆಯೇ ಹೇಳಿದ: “ಇಲ್ಲ ಗೌಡ್ರೆ. ದೀಪಾವಳಿವರೆಗೆ ಎಲ್ಲ ಬುಕ್ ಆಗಿದೆ. ಕೆರೆಕಟ್ಟೆಯವರು ಮೂಟೆಗಟ್ಲೆ ಹೇಳಿಟ್ಟು ಹೋಗಿದ್ದಾರೆ.”

“ನಾನು ನಿನ್ನ ಅಪ್ಪನ ಕಾಲದಿಂದ ಇಲ್ಲಿಗೇ ಬರೋನಲ್ವ ಮಾರಾಯ? ನಂಗೊಂದು ಚೀಲ ಇಲ್ಲ ಅಂದ್ರೆ ಹೆಂಗೆ?”

ಅವನು ಚಿಕ್ಕಪ್ಪನ ನುಣ್ಣನೆಯ ತಲೆಯನ್ನು ಕನ್ನಡಿಯಲ್ಲೇ ಒಮ್ಮೆ ನೋಡಿದ.

“ಬರ್ತೀರಿ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷದಲ್ಲಿ ನಿಮ್ಮಿಂದ ಈ ಅಂಗಡಿಗೆ ಎಷ್ಟು ಕೂದಲು ಬಂದಿದೆ, ನೀವೇ ಹೇಳಿ.”

ಕಾನ್ವೆಂಟ್ ಗಂಟಲು

ಮುಂದಿನದು ಮೈಕ್. ಮೀನಿನ ಗಾಡಿಯವರು ಇಟ್ಟುಕೊಳ್ಳುತ್ತಾರಲ್ಲ, ಒಮ್ಮೆ ಕೂಗಿಟ್ಟರೆ ತಾನೇ ಕೂಗುತ್ತಿರುವಂಥದ್ದು. ಚಿಕ್ಕಪ್ಪ ಅದನ್ನು ನನ್ನ ಕೈಗೆ ಕೊಟ್ಟರು. “ನೀನು ಕಾನ್ವೆಂಟಲ್ಲಿ ಓದಿದವಳು, ಇದೆಲ್ಲ ಗೊತ್ತಾಗ್ತದೆ. ಜೋರಾಗಿ ಹೋಯ್ ಅನ್ನು, ಸಾಕು.”

ಯಾರಿಗೂ ಕಾಣದ ಹಾಗೆ ಕೊಟ್ಟಿಗೆ ಹಿಂದೆ ಹೋಗಿ ಕೂಗಿಕೊಂಡು ಬಂದೆ. ಅವರು ಹಾಕಿ ಕೇಳಿದರು. ಇನ್ನೊಮ್ಮೆ ಕೇಳಿದರು.

“ಇದೆಂತದೇ ಇದು? ಹಂದಿನ ಕಾಫಿಗೆ ಕರೆದ ಹಂಗಿದೆ.”

ಕೊನೆಗೆ ಚಿಕ್ಕಮ್ಮನೇ ಮೈಕ್ ಹಿಡಿದರು. ಏನು ಹೇಳಬೇಕೆಂದು ಹೊಳೆಯದೆ, ಚಿಕ್ಕಪ್ಪನನ್ನು ದಿನಾ ಬೈಯುವುದನ್ನೇ ಒಂದೇ ಉಸಿರಿನಲ್ಲಿ ಬೈದರು. ಗದ್ದೆಯಲ್ಲಿ ಹಗಲೂ ರಾತ್ರಿ ಅದೇ. ಮೇಗುಂದದ ಕಡೆಯಿಂದ ಬರುವವರು ಬೈಕು ನಿಲ್ಲಿಸಿ ಕೇಳಿ ಹೋಗುತ್ತಿದ್ದರು. ಸ್ವಲ್ಪ ದಿನ ಹಂದಿ ಬರಲಿಲ್ಲ, ಚಿಕ್ಕಪ್ಪನ ಮುಖದಲ್ಲಿ ಬೆಳಕು ಬಂತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಮೈಕಿನ ಬುಡದಲ್ಲೇ ಹಂದಿ ಹೊರಳಿ ಹೋಗಿತ್ತು. ಮೈಕ್ ಇನ್ನೂ ಬೈಯುತ್ತಲೇ ಇತ್ತು.

ಚಿಕ್ಕಪ್ಪ ಅದನ್ನು ಆರಿಸಿ ಹೇಳಿದರು: “ಹಂದಿಗೆ ಇಷ್ಟು ಬೇಗ ಅಭ್ಯಾಸ ಆಯ್ತು. ನಂಗಿನ್ನೂ ಆಗಿಲ್ಲ.”

ಕೋವಿ ಠಾಣೆಯಲ್ಲಿ

ಇಷ್ಟಾದರೂ ಅರ್ಧಕ್ಕಿಂತ ಹೆಚ್ಚು ಪೈರು ಉಳಿದಿತ್ತು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಪಂಚಾಯ್ತಿ ಚುನಾವಣೆ ಬಂತು. ಚುನಾವಣೆ ಬಂದರೆ ಬೆಳೆ ಕಾಯಲು ಲೈಸೆನ್ಸ್ ಕೊಟ್ಟ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಹತ್ತಿರದಲ್ಲಿ ಕೋವಿ ಇದ್ದದ್ದು ಮೇಲಿನ ಮನೆ ಮಾವನದೊಂದೇ, ಅದೂ ಹೋಯಿತು. ಹಂದಿ ಹೊಡೆಯಲು ಚಿಕ್ಕಪ್ಪ ಅರಣ್ಯ ಇಲಾಖೆಯ ಅನುಮತಿ ಕೇಳಿದ್ದರು, ಅದಿನ್ನೂ ಬಂದಿರಲಿಲ್ಲ.

ಒಂದು ದಿನ ಅಭ್ಯರ್ಥಿಯೊಬ್ಬರು ಬದುವಿನ ಮೇಲೆ ಜಾರುತ್ತಾ ಬಂದು ಕೈ ಮುಗಿದರು. “ಎಂತ ತೊಂದರೆ ಇದ್ರೂ ಹೇಳಿ ಗೌಡ್ರೆ. ಗೆದ್ದ ಕೂಡ್ಲೆ ಮೊದಲ ಕೆಲಸ ನಿಮ್ದೇ.”

“ಗೆಲ್ಲೋದು ಆಮೇಲೆ ಮಾರಾಯ್ರೆ. ಬೇಗ ಎಣಿಸಿ ಮುಗಿಸಿ, ಕೋವಿ ವಾಪಸ್ ಬರ್ಲಿ. ಯಾರು ಗೆದ್ರೂ ನಂಗೆ ಅಡ್ಡಿಲ್ಲ.”

ಎಣಿಕೆಯ ದಿನ ಗೆದ್ದವರು ಊರಿಡೀ ಪಟಾಕಿ ಹೊಡೆದರು. ಅಷ್ಟು ಸದ್ದಿಗೆ ಯಾವ ಹಂದಿಯೂ ಈಚೆ ಬರುತ್ತಿರಲಿಲ್ಲ. ಆದರೆ ಗದ್ದೆ ಹಿಂದಿನ ರಾತ್ರಿಯೇ ಮುಗಿದಿತ್ತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಚಿಕ್ಕಪ್ಪ ಬದುವಿನ ಮೇಲೆ ಕೂತು ಕೆಸರಾದ ತೆನೆಯೊಂದನ್ನು ಪಂಚೆಯಲ್ಲಿ ಒರೆಸಿ, ಒಂದು ಕಾಳು ಹಲ್ಲಿಗೆ ಹಾಕಿಕೊಂಡರು. “ಗಟ್ಟಿಯಾಗ್ತಾ ಇತ್ತು” ಎಂದರು.

ಚಿಕ್ಕಮ್ಮ ಕಾಫಿ ತಂದು ಪಕ್ಕದಲ್ಲಿಟ್ಟು ತಾವೂ ಕೂತರು. ಅಡಿಕೆ ಸಸಿಯ ಮಾತೆತ್ತಲಿಲ್ಲ. ಪಟಾಕಿ ನಿಂತ ಮೇಲೆ ಚಿಕ್ಕಪ್ಪನೇ ಮೆಲ್ಲಗೆ ಹೇಳಿದರು:

“ಏನಾದ್ರೂ ಬೈಯೇ ಮಾರಾಯ್ತಿ. ನೀನು ಸುಮ್ನೆ ಕೂತ್ರೆ ಹೆದರಿಕೆ ಆಗ್ತದೆ.”

ಮಣ್ಣು

ಆಮೇಲೆ ಎಲ್ಲ ಒಟ್ಟಿಗೇ ಬಂತು: ಕೋವಿ, ಅನುಮತಿ, ಉಳಿದದ್ದನ್ನು ಹೆಕ್ಕಲು ಹಂದಿ. ಒಂದು ಸಂಜೆ ಬೆಳಕು ಆರುವ ಮುಂಚೆ ಮೇಲಿನ ಮನೆ ಮಾವ ಒಂದನ್ನು ಹೊಡೆದೇಬಿಟ್ಟರು. ಕರುವಿನಷ್ಟಿತ್ತು.

ಹಿಂದೆಲ್ಲ ಹಂದಿ ಬಿದ್ದರೆ ಕೋವಿಯವನಿಗೊಂದು ಪಾಲು, ನಾಯಿಗೊಂದು ಪಾಲು, ಗದ್ದೆಯವನಿಗೊಂದು ಪಾಲು. ಈಗಿನ ಅನುಮತಿಯಲ್ಲಿ ಹಾಗಿಲ್ಲ. ಇಲಾಖೆಯವರ ಕಣ್ಣೆದುರೇ ಹೂಳಬೇಕು. ಅದು ಗೊತ್ತಿದ್ದೂ ಬೆಳಿಗ್ಗೆ ಊರಿಗೆ ಊರೇ ಬಂದು ನಿಂತಿತ್ತು, ಕೆಲವರು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು. ಆ ಕೈಯಲ್ಲಿ ಪಾತ್ರೆ ಇದ್ದದ್ದು ಹಿಂದೆ ನಿಂತ ನನಗೆ ಕಾಣುತ್ತಿತ್ತು. ಅತ್ತೆಯಂತೂ ಹಂದಿ ಸಾರಿಗೆಂದು ಕಡುಬಿನ ಹಿಟ್ಟು ತಯಾರು ಮಾಡಿಟ್ಟೇ ಬಂದಿದ್ದರು. ಗಾರ್ಡ್ ಬಂದು, “ಯಾರೂ ಮುಟ್ಬೇಡಿ, ಗುಂಡಿ ತೆಗೀರಿ” ಎಂದ.

ಗುಂಡಿ ಗದ್ದೆಯಲ್ಲೇ ಆಗಬೇಕಿತ್ತು. ಬೇರೆಯವರು ಹಾರೆಗೆ ಕೈ ಹಾಕಿದರೂ ಚಿಕ್ಕಪ್ಪ ಬಿಡಲಿಲ್ಲ, ತಾವೇ ತೆಗೆದರು. ಭತ್ತದ ಗದ್ದೆಯಾಗಿ ಅದರಲ್ಲಿ ಅವರು ಮಾಡಿದ ಕೊನೆಯ ಕೆಲಸ ಅದು. ಈಗ ಅಲ್ಲಿ ಅಡಿಕೆ ಸಸಿ ಇದೆ. ಹಂದಿಯನ್ನು ಇಳಿಸಿ ಮಣ್ಣು ಎಳೆಯುವಾಗ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದು ನೋಡಿ ಗಾರ್ಡ್ ಕೂಡ ಟೋಪಿ ತೆಗೆದ.

ಕೊನೆಗೆ ಮಾವನಿಗೇ ತಡೆಯಲಾಗಲಿಲ್ಲ. “ಸರಿ ಮಾರಾಯ, ಮಣ್ಣು ಮಾಡಿದ್ದಾಯ್ತು. ತಿಥಿ ಊಟ ಯಾವತ್ತು?”

ಚಿಕ್ಕಪ್ಪ ಹಾರೆಗೆ ಒರಗಿ ನಿಂತು ಬರಿದಾದ ಗದ್ದೆಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು.

“ಇನ್ನೆಲ್ಲಿ ಊಟ ಮಾರಾಯ? ತನ್ನ ತಿಥಿದು ತಾನೇ ಮುಂಚೆ ಉಂಡು ಮುಗಿಸಿಯೇ ಸತ್ತಿದೆ.”