ಮಾವನ ಹಳದಿ ಬಸ್ಸು

"ಈ ಖಂಡೇಪೂಜಿಗೆ ಮಾವನ ಬಸ್ಸು ಮಾವನ ಮುಂದ ನಿಂತಿರತೈತಿ, ನೋಡ್ತಿರು!" ಎಂದು ದ್ಯಾಮಪ್ಪ ಎದೆ ತಟ್ಟಿಕೊಂಡಾಗ ಹೆಂಡತಿ ಕಾಶೆವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

ಅವಳಪ್ಪ ಫಕೀರಪ್ಪ ಹಳಿಯಾಳ-ದಾಂಡೇಲಿ ಬಸ್ಸಿನ ಡ್ರೈವರ್ ಆಗಿದ್ದವನು. ಅಪ್ಪಟ ಹಳದಿ ಬಸ್ಸು! ಎರಡನೇ ಮಹಾಯುದ್ಧ ಬಂತು, ಪೆಟ್ರೋಲು ಹೋಯಿತು, ಬಸ್ಸು ಗುಜರಿ ಸೇರಿತು. ಬೆನ್ನಿಗೇ ಮುದುಕನ ಕಣ್ಣಿಗೆ ಪೊರೆ ಬಂತು. "ಎಲ್ಲಾ ಮಬ್ಬಂತ. ಹಳದಿ ಒಂದ ಚೂರು ಕಾಣತೈತಂತ," ಎಂದು ಕಾಶೆವ್ವ ತವರಿನಿಂದ ಬಂದು ಅತ್ತಿದ್ದಳು. ವರ್ಷವೂ ಆಯುಧಪೂಜೆಗೆ ಗಾಡಿಗೆ ಚೆಂಡುಹೂವಿನ ಮಾಲೆ ಹಾಕಿ ಪೂಜಿಸಿದವನು ಈ ಸಲ ಬರಿಗೈಲಿ ಮಗಳ ಮನೆಗೆ ಹಬ್ಬಕ್ಕೆ ಬರುವವನಿದ್ದ. ಅದು ದ್ಯಾಮಪ್ಪನಿಗೂ ಸಂಕಟವೇ.

ದ್ಯಾಮಪ್ಪ ಕಟ್ಟಿಗೆ ಡಿಪೋದ ಬಡಗಿ. ಹಗುರ ಮರ ಅವನ ಘನತೆಗೆ ಒಗ್ಗುತ್ತದೆಯೇ? ಕರ್ರಗಿನ ಬೀಟೆಯಲ್ಲೇ ಮೊಳದುದ್ದದ ಬಸ್ಸು ಕೆತ್ತಿದ. ಗಾಲಿ ತಿರುಗಿದವು, ಬಾಗಿಲು ತೆರೆಯಿತು. ನಂತರ ಮಹಾರಾಜರ ಗಾಂಭೀರ್ಯದಿಂದ ಹಳದಿ ಬಣ್ಣದ ಡಬ್ಬಿ ಬಿಚ್ಚಿದ.

ಒಂದು ಕೈ ಬಳಿದ. ಕೆಸರಾಯಿತು. ಇನ್ನೊಂದು ಕೈ ಬಳಿದ. ಪಾಚಿಯಾಯಿತು! ಎಷ್ಟು ಬಳಿದರೂ ಒಳಗಿನ ಕಪ್ಪು ಇಣುಕುವುದನ್ನು ಬಿಡಲಿಲ್ಲ.

"ಕಾಮಾಲಿ ಆದ ಎಮ್ಮಿ ಕಂಡಂಗ ಕಾಣತೈತ್ರಿ," ಎಂದಳು ಕಾಶೆವ್ವ.

"ಒಣಗ್ಲಿ, ಆಮ್ಯಾಲ ಮಾತಾಡು!"

ಒಣಗಿದ ಮೇಲೆ ಎಮ್ಮೆ ಇನ್ನಷ್ಟು ಕಪ್ಪಾಯಿತು. ಡಬ್ಬಿಯೂ ಬರಿದಾಯಿತು. ಅಂಗಡಿಯ ಅಮೀರಸಾಬ ಕೈ ಅಲ್ಲಾಡಿಸಿಬಿಟ್ಟ: "ಬಣ್ಣ ಬೇಕೇನ್ರಿ? ಯುದ್ಧ ಮುಗೀಲಿ, ಬರ್ರಿ."

ಹಬ್ಬದ ದಿನ ಬೆಳಿಗ್ಗೆ, ಮಸಿ ಹಿಡಿದ ಅಡುಗೆಮನೆಯ ಗೋಡೆಗೆ ಕಾಶೆವ್ವ ಬಳಿದ ಸುಣ್ಣ ನೋಡುತ್ತ ದ್ಯಾಮಪ್ಪನಿಗೆ ಜ್ಞಾನೋದಯವಾಯಿತು. ಮೊದಲು ಬಿಳಿ, ಅದರ ಮೇಲೆ ಹಳದಿ! ಬಸ್ಸು ಕೆರೆದ, ಉಳಿದಿದ್ದ ಸುಣ್ಣ ಬಳಿದ. ಕಪ್ಪು ಸೋತು ಅಡಗಿತು. ಇನ್ನು ಹಳದಿ? ಹೆಂಡತಿ ನೀರಿಗೆ ಹೋದದ್ದೇ ತಡ, ಅರಿಶಿನದ ಡಬ್ಬಿಯನ್ನು ಪೂರ್ತಿ ಬೋರಲು ಹಾಕಿ, ಅಂಟು ಕಲಸಿ ಬಳಿದೇಬಿಟ್ಟ.

ಕಣ್ಣೆದುರೇ ಬಸ್ಸು ಕೆಂಪಾಯಿತು! ಗಾಬರಿಯಲ್ಲಿ ಇನ್ನೂ ಬಳಿದ. ಇನ್ನೂ ಕೆಂಪು!

ಕಾಶೆವ್ವ ಬಾಗಿಲಲ್ಲೇ ಕೊಡ ಇಳಿಸಿದಳು. "ಸುಣ್ಣದ ಮ್ಯಾಲ ಅರಿಶಿಣಾನ? ಆರತಿ ನೀರು ಹೆಂಗ ಕೆಂಪಾಕ್ಕೈತಿ ಅಂತ ಗೊತ್ತಿಲ್ಲೇನ್ರಿ? ಮದಿವ್ಯಾಗ ನಿಮ್ಮ ಮಾರಿ ಮುಂದ ತಾಟು ತಿರುವಿದಾಗ ಎತ್ತಾಗ ನೋಡಾಕತ್ತಿದ್ರಿ?"

"ನಿನ್ನ ಕಡೆ," ಎಂದ ದ್ಯಾಮಪ್ಪ ಸಣ್ಣ ದನಿಯಲ್ಲಿ.

ಕಾಶೆವ್ವನಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಅಪ್ಪನಿಗೆ ಕಾಣುವುದು ಹಳದಿಯೊಂದೇ.

ಅಷ್ಟರಲ್ಲಿ ಹೊರಗೆ ಎತ್ತಿನ ಚಕ್ಕಡಿ ನಿಂತಿತು. ಮಗಳ ಕೈ ಹಿಡಿದು ಒಳಗೆ ಬಂದ ಫಕೀರಪ್ಪ, ಪೂಜೆಗಿಟ್ಟ ಬಾಚಿ, ಉಳಿಗಳ ಮುಂದೆ ಕೂತ. ದ್ಯಾಮಪ್ಪ ತಲೆ ತಗ್ಗಿಸಿ ಬಸ್ಸನ್ನು ಅವನ ತೊಡೆಯ ಮೇಲಿಟ್ಟ. "ಮಾವ, ಬಣ್ಣ..." ಎಂದ.

ಮುದುಕ ಬಸ್ಸನ್ನು ಕಣ್ಣಿನ ಹತ್ತಿರ ಒಯ್ದ. ಬೆಳಕಿಗೆ ತಿರುಗಿಸಿದ. ಮತ್ತೆ ತಿರುಗಿಸಿದ. "ಪೂಜಿಗೆ ಚೆಂಡಹೂವು ಇಟ್ಟಿಲ್ಲೇನವಾ?" ಎಂದು ಕೇಳಿದ; ಹಳದಿ ಮಾಲೆ ಅವನ ಮುಂದೆಯೇ ಇತ್ತು. ಅವನಿಗೆ ಈಗ ಹಳದಿಯೂ ಕಾಣುವುದಿಲ್ಲವೆಂದು ಇಬ್ಬರಿಗೂ ಆ ಕ್ಷಣ ತಿಳಿಯಿತು. ಕಾಶೆವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಫಕೀರಪ್ಪ ಗಾಲಿ ತಿರುಗಿಸಿ ನೋಡಿದ, ಬಾಗಿಲು ತೆರೆದು ಮುಚ್ಚಿದ, ಕಡೆಗೆ ಬಸ್ಸನ್ನು ಮೂಗಿಗೆ ಹಿಡಿದ. ಮುಖ ಅರಳಿತು.

"ಅರಿಶಿಣ! ಹಳದಿನ ಐತಿ, ನಂದ ಬಸ್ಸು," ಎಂದ. ಕಣ್ಣಲ್ಲಿ ನೀರಿತ್ತು. ಆಮೇಲೆ ಬಸ್ಸಿನ ಮುಂಭಾಗವನ್ನೆಲ್ಲ ಬೆರಳಿನಿಂದ ತಡಕಿ ಹುಬ್ಬು ಗಂಟಿಕ್ಕಿದ. "ಎಲ್ಲಾ ಖರೆ ಅಳ್ಯಾರ, ಹಾರನ್ ಹಚ್ಚೂದು ಮರತೀರಲ್ರಿ!"