ಕ್ಯಾಸೆಟ್ ಕಡೆಯವರು

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿದೆ, ನೀರು ತುಂಬಿದೆ, ಹೆಸರುಕಾಳು ಆರಿಸಿದೆ, ಎರಡು ಮದುವೆ ಮತ್ತು ಒಂದು ಸೀಮಂತದ ಬೂಷ್ಟು ಒರೆಸಿದೆ. ಗಾಬರಿಯಾಗಬೇಡಿ! ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವಿಗೆ ಇಳಿಸುವ ಹುಚ್ಚು ನಮ್ಮ ಮನೆಯವರಿಗೆ. ಕರೆಯದ ಮದುವೆಗಳಿಗೆ ಅವರಷ್ಟು ಹೋದವರು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಅದೂ ಕುರ್ಚಿ ಬಿಟ್ಟು ಏಳದೆ!

ಮೂರು ತಾಸಿನ ಕ್ಯಾಸೆಟ್ ಇಳಿಯಲು ಮೂರು ತಾಸೇ ಬೇಕು. ಯಂತ್ರ ತಾನೇ ಓಡುತ್ತದೆ, ಮನುಷ್ಯ ಎದ್ದು ಹೋಗಬಹುದಲ್ಲವೇ? ಊಹೂಂ! "ಮಂದಿ ಮದುವಿ ನಡಕ ಎದ್ದು ಹೋಗೂದು ಛಲೋ ಅಲ್ಲ," ಎನ್ನುತ್ತಾರೆ. ನಮ್ಮ ಮದುವೆಯಲ್ಲೂ ಅವರು ಇಷ್ಟು ಹೊತ್ತು ಕೂತ ನೆನಪು ನನಗಿಲ್ಲ.

ಒಮ್ಮೆ ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರೊಬ್ಬರ ಕೈ ಹಿಡಿದುಕೊಂಡರು. "ನಿಮ್ಮ ಬಾಸಿಂಗ ಮೂರು ಸಲ ಜಾರಿತ್ತಲ್ಲರಿ! ಆವಾಗ ತಲಿತುಂಬ ಕೂದಲಿತ್ತು."

ಆ ಬೊಕ್ಕತಲೆಯ ಮನುಷ್ಯ ಕಕ್ಕಾಬಿಕ್ಕಿ. "ನೀವು ಯಾರ ಕಡೆಯವ್ರರಿ? ಹೆಣ್ಣಿನ ಕಡೆ?"

"ಇಲ್ಲರಿ. ಕ್ಯಾಸೆಟ್ ಕಡೆ."

ಹೋದ ತಿಂಗಳು ಈ ಹುಚ್ಚು ದಂಧೆಯಾಯಿತು. ಬೋರ್ಡು ಬಂತು, ಇಸ್ತ್ರಿ ಅಂಗಿ ಬಂತು. ಚಹಾ ತೆಗೆದುಕೊಂಡು ಹೋದರೆ, "ಬಾಗಿಲಾ ಬಡದು ಬಾ, ಇದು ಆಫೀಸ್ ಐತಿ," ಎಂದರು.

"ಆಫೀಸಿನಾಗ ಕುಡದ ಕಪ್ಪು ತಾವ ತೊಳೀತಾರ್ರಿ," ಎಂದೆ. ಅಂದಿನಿಂದ ಬಾಗಿಲು ತೆರೆದೇ ಇದೆ.

ದಂಧೆಯವರೆಂದರೆ ವಿಡಿಯೊದಲ್ಲಿನ ಕಸ ಕತ್ತರಿಸಿ ಕೊಡಬೇಕೆಂದು ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟರಂತೆ. ಕತ್ತಲೆ, ಅಲುಗಾಟ, ಊಟದ ಪಂಕ್ತಿ ಎಲ್ಲಾ ಹಾರಿಸಿದರು. ಜಾಗ ಉಳಿಯಲೆಂದು ಕಂಪ್ಯೂಟರಿನಲ್ಲಿದ್ದ ಪೂರ್ತಿ ಪ್ರತಿಯನ್ನೂ ಅಳಿಸಿದರು. ಮೂರು ತಾಸಿನ ಮದುವೆ ಐವತ್ತು ನಿಮಿಷಕ್ಕೆ ಮುಗಿಯತೊಡಗಿತು!

ಇವತ್ತು ರಟ್ಟೀಹಳ್ಳಿಯಿಂದ ನಸುಕಿನ ಬಸ್ಸು ಹಿಡಿದು ಒಬ್ಬಾಕೆ ತನ್ನ ಮದುವೆಯನ್ನು ಒಯ್ಯಲು ಬಂದಳು. ನಮ್ಮ ಟೀವಿಯ ಮುಂದೆಯೇ ಕೂತು ಪೂರ್ತಿ ನೋಡಿದಳು. ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದಳು.

"ಅಡಗಿಮನಿ ಇತ್ತಲ್ಲರಿ, ಎಲ್ಲಿ ಹೋತು?"

"ಅದು ವೇಸ್ಟ್ ಇತ್ರಿ ಅಕ್ಕಾರ. ಬರೇ ಹೊಗಿ, ಯಾರದೋ ಬೆನ್ನು."

"ಆ ಬೆನ್ನು ನಮ್ಮವ್ವಂದ್ರಿ," ಎಂದಳು. "ಅಪ್ಪ ತೀರಿದ್ನಲ್ಲ, ಹಂದರಕ್ಕ ಬರಬಾರದಂತ ಒಳಗ ಕುಂದರ್ಸಿದ್ರು. ಅಕಿದು ಮತ್ತೊಂದು ಫೋಟೊ ಸುದ್ದಾ ಇಲ್ಲರಿ."

ನಮ್ಮವರ ಮುಖದ ಇಸ್ತ್ರಿ ಮುರಿಯಿತು. ಆ ಕ್ಯಾಸೆಟ್ಟಿನ ಟೇಪು ಹಪ್ಪಳದಂತೆ ಒಣಗಿತ್ತು; ಒಮ್ಮೆ ಓಡಿದ್ದೇ ಪುಣ್ಯ ಎಂದು ಅವರೇ ಹೇಳಿದ್ದರು. ಅದನ್ನು ಬಿಚ್ಚಿ, ಯಂತ್ರ ಸುತ್ತಿದರೆ ಹರಿದೀತೆಂದು ಬೆರಳಿನಿಂದಲೇ ಸುತ್ತಿ ಸುತ್ತಿ ಅಂದಾಜಿನ ಮೇಲೆ ಆ ಜಾಗಕ್ಕೆ ತಂದು ಯಂತ್ರಕ್ಕೆ ಹಾಕಿದರು.

ಗೆರೆಗಳು. ಹೊಗೆ. ಒಲೆಯ ಮುಂದೆ ಒಂದು ಬೆನ್ನು. ಕ್ಯಾಮೆರಾದ ಬೆಳಕು ಬಿದ್ದದ್ದಕ್ಕೆ ಆ ಬೆನ್ನು ತಿರುಗಿತು, ನಕ್ಕಿತು. "ನನ್ನೇನ್ ತೆಗೀತಿಯೋ ತಮ್ಮಾ, ನನ್ನ ಮಗಳನ್ನ ತೆಗಿ ಹೋಗು!" ಅಷ್ಟರಲ್ಲಿ ಟೇಪು ಫಟ್ಟನೆ ಹರಿಯಿತು.

ಹರಿಯುವ ಮೊದಲಿನಷ್ಟು ಕಂಪ್ಯೂಟರಿಗೆ ಇಳಿದಿತ್ತು. ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನಮ್ಮವರು ಕನ್ನಡಕ ತೆಗೆದು ಸುಮ್ಮನೆ ಒರೆಸಿದರು. "ಎಲ್ಲಿ ಕೂಡಿಸ್ಲಿ ಅಕ್ಕಾರ? ಇದು ಮೊದಲು ಊಟದ ಹೊತ್ತಿನಾಗ ಇತ್ತು."

ಆಕೆ ಯೋಚಿಸಲೇ ಇಲ್ಲ. "ಅಕ್ಕಿಕಾಳು ಬೀಳೂ ಮುಂದ ಕೂಡಿಸ್ರಿ."

ಹಾಗೇ ಕೂಡಿಸಿದರು. ಈಗ ಆ ಮದುವೆಯಲ್ಲಿ ಎಲ್ಲರೂ ಕೈಯೆತ್ತುತ್ತಾರೆ, ಅವ್ವ ತಿರುಗಿ ನಗುತ್ತಾಳೆ, ಅಕ್ಷತೆ ಬೀಳುತ್ತದೆ.

ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮಜ್ಜಿಗೆ. ನಾಲ್ಕರ ಬಸ್ಸಿಗೆ ಇನ್ನೂ ಹೊತ್ತಿತ್ತು; ಉಂಡ ಮೂವರಿಗೂ ತೂಕಡಿಕೆ. ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿದ ಆಕೆಗೇ ಮೊದಲು ನಿದ್ದೆ ಹತ್ತಿತು.